‘ಬೊಕಾಶಿ’ಗೆ ಕನ್ನಡದಲ್ಲಿ ಏನೆನ್ನೋಣ?

ಜಪಾನಿನ ಚಿತ್ರಕಾರ ಹಿರೊಶಿಗೆಯ ಒಂದು ಮರದಚ್ಚಿನ ಚಿತ್ರಕ್ಕೆ ನಾಲ್ಕು ಸಾಲು ವಿವರಣೆ ಬರೆಯಲು ಕೂತವನು ಒಂದೇ ಪದದ ಹತ್ತಿರ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ. ತಿಳಿದವರು ದಾರಿ ತೋರಿಸಬೇಕು.

ಚಿತ್ರ 1857ರದು, ‘ಎದೊ ನಗರದ ನೂರು ಹೆಸರಾಂತ ನೋಟಗಳು’ ಮಾಲೆಗೆ ಸೇರಿದ್ದು. ಎದೊ ಅಂದರೆ ಇಂದಿನ ಟೋಕಿಯೊ. ಸುಮಿದಾ ನದಿ ಕೊಲ್ಲಿ ಸೇರುವ ಕಡೆ ಎಯ್‌ತಾಯ್ ಸೇತುವೆ. ಅದರ ಕಂಬವೊಂದು ನಮ್ಮ ಕಣ್ಣೆದುರಿಗೇ ದಪ್ಪಗೆ ನಿಂತಿದೆ. ಆಚೆಗೆ ಲಂಗರು ಹಾಕಿದ ಹಡಗುಗಳು, ಬೆಸ್ತರ ತ್ಸುಕುದಾ ದ್ವೀಪ, ಮೀನು ಸೆಳೆಯಲು ದೋಣಿಗಳಲ್ಲಿ ಹೊತ್ತಿಸಿದ ಬೆಂಕಿ, ಮೇಲೆ ಚುಕ್ಕಿಗಳು. ಆಕಾಶ ಮೇಲಂಚಿನಲ್ಲಿ ಕಡುಗಪ್ಪಗಿದ್ದು ಕೆಳಗೆ ಬರುತ್ತ ಬರುತ್ತ ತೆಳುವಾಗುತ್ತದೆ. ಕಪ್ಪು ಎಲ್ಲಿ ಮುಗಿಯಿತೆಂದು ಬೆರಳಿಟ್ಟು ಹೇಳಲು ಬರುವುದಿಲ್ಲ. ಹೀಗೆ ಬಣ್ಣ ಇಳಿಸುವ ಕೆಲಸಕ್ಕೇ ಜಪಾನಿನಲ್ಲಿ ‘ಬೊಕಾಶಿ’ ಅನ್ನುವುದು.

ಗೆರೆಗಳನ್ನು ಕೆತ್ತಿದ ಹಾಗೆ ಇದನ್ನು ಅಚ್ಚಿನ ಹಲಗೆಯಲ್ಲಿ ಕೆತ್ತಿರುವುದಿಲ್ಲ. ಅಲ್ಲಿ ಹಲಗೆ ಸಪಾಟು. ಅಚ್ಚು ಹಾಕುವವನು ಅದರ ಮೇಲೆ ಒದ್ದೆ ಬಟ್ಟೆ ಒರಸಿ, ಕುಂಚದ ಒಂದು ಮೂಲೆಗೆ ಮಾತ್ರ ಬಣ್ಣ ತೆಗೆದುಕೊಂಡು ಅಡ್ಡಡ್ಡ ಎಳೆಯುತ್ತಾನೆ. ಪಸೆ ಇದ್ದಲ್ಲಿ ಬಣ್ಣ ಹರಡಿ ತೆಳುವಾಗುತ್ತದೆ. ಆಮೇಲೆ ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ ದುಂಡು ಬಿಲ್ಲೆಯಿಂದ ಅದರ ಬೆನ್ನು ಉಜ್ಜುತ್ತಾನೆ. ಒಂದೊಂದು ಪ್ರತಿಗೂ ಇದೆಲ್ಲ ಮೊದಲಿನಿಂದ. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಗೆರೆಗಳು ಒಂದೇ, ಆಕಾಶ ಮಾತ್ರ ಬೇರೆ ಬೇರೆ.

ನನಗೆ ತೊಡಕಾದದ್ದು ಇಲ್ಲೇ. ನಮ್ಮಲ್ಲಿ ‘ಅಚ್ಚು’ ಅಂದರೆ ಒಂದರಂತೆ ಇನ್ನೊಂದು. ಅಚ್ಚುಬೆಲ್ಲ ಹಾಗೆ, ಮಗ ‘ಅಪ್ಪನ ಪಡಿಯಚ್ಚು’ ಅನ್ನುವುದೂ ಹಾಗೆಯೇ. ಬೊಕಾಶಿ ಅಚ್ಚಿನ ಕೆಲಸದೊಳಗೇ ಇದ್ದೂ ಈ ಅರ್ಥಕ್ಕೆ ಒಗ್ಗದು. ಸಿಗುವ ಪದದಲ್ಲಿ ಆ ಕೈಯ ಗುರುತು ಉಳಿಯಬೇಕೆಂದು ನನ್ನ ಆಸೆ.

ಜಪಾನಿ ಕ್ರಿಯಾಪದದ ಅರ್ಥ ಹಿಡಿದು ಹೊರಟರೆ ‘ಮಬ್ಬಾಗಿಸು’ ಆಗುತ್ತದೆ. ಆದರೆ ಚಿತ್ರದಲ್ಲಿ ಮಬ್ಬು ಎಲ್ಲಿದೆ? ಎಲ್ಲವೂ ನಿಚ್ಚಳ. ‘ಮಾಸು’ ಅಂದರೆ ಹಳತಾಗಿ ಕೊಳೆಯಾದಂತೆ. ‘ಛಾಯೆ’ ಆದದ್ದನ್ನು ಹೇಳುತ್ತದೆ, ಮಾಡಿದ್ದನ್ನು ಹೇಳುವುದಿಲ್ಲ. ಬೋರ್ಡು ಬರೆಯುವವರ ‘ಶೇಡ್ ಕೊಡೋದು’ ಇದಕ್ಕಿಂತ ಎಷ್ಟೋ ವಾಸಿ, ಅದರಲ್ಲಿ ಕೊಡುವ ಕೈಯಾದರೂ ಇದೆ. ಬೊಕಾಶಿಯನ್ನೇ ಉಳಿಸಿಕೊಳ್ಳೋಣವೆಂದರೆ, ಬೆಂಗಳೂರಿನ ಕೈತೋಟದವರಿಗೆ ಅದು ಅಡುಗೆಮನೆಯ ಕಸ ಹುಳಿಬರಿಸುವ ಪುಡಿ. ಓದುವವರು ಮೊದಲು ಗೊಬ್ಬರ ನೆನೆಸಿಕೊಳ್ಳುತ್ತಾರೆ. ಜಪಾನಿಯರೂ ಹೊರಗಿನಿಂದ ಬಂದದ್ದನ್ನು ಬರಿಯ ಹೆಸರಾಗಿ ಬಿಡಲಿಲ್ಲ: ಬರ್ಲಿನ್ ನೀಲಿ ಎಂಬ ಬಣ್ಣ ಅವರ ಕೈಗೆ ಬಂದಾಗ ಬರ್ಲಿನ್ನನ್ನು ‘ಬೆರೊ’ ಮಾಡಿ, ಅದರ ಜೊತೆಗೆ ತಮ್ಮದೇ ನೀಲಿಯ ‘ಆಯ್’ ಸೇರಿಸಿ ‘ಬೆರೊ-ಆಯ್’ ಅಂದರು.

ಈಗ ನನ್ನ ಮನಸ್ಸು ವಾಲಿರುವುದು ‘ಜಾರು’ ಕಡೆಗೆ. ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಕಡಿಯದೆ ಸರಿಯುವ ಗಮಕಕ್ಕೆ ಜಾರು ಅನ್ನುತ್ತೇವೆ. ಅದೂ ಹಾಡುವಾಗಲೆಲ್ಲ ಹೊಸದಾಗಿ ಆಗಬೇಕಾದದ್ದು. ‘ಆಕಾಶದ ಕಪ್ಪನ್ನು ಮೇಲಿನಿಂದ ಕೆಳಕ್ಕೆ ಜಾರಿಸಿದ್ದಾನೆ’ ಅಂದರೆ ಕಿವಿಗೆ ಸರಿ ಕೇಳಿಸುತ್ತದೆ. ನಾಮಪದಕ್ಕೆ ‘ಜಾರುಬಣ್ಣ’ ಅನ್ನಬಹುದೇ, ಇಲ್ಲ ‘ಬಣ್ಣದ ಜಾರು’ ಎಂದು ಬಿಡಿಸಿಯೇ ಬರೆಯಬೇಕೇ? ಜೋಡಿಸಿದರೆ ಬಣ್ಣವೇ ಕಿತ್ತು ಜಾರಿಹೋದಂತೆ ಕೇಳಿಸೀತೆಂಬ ಅಳುಕಿದೆ.

ಇನ್ನೊಂದು ಕೇಳಬೇಕು. ಮೈಸೂರು ಶೈಲಿಯ ಚಿತ್ರ ಬರೆಯುವವರು, ಕಿನ್ನಾಳದ ಗೊಂಬೆಗೆ ಬಣ್ಣ ಹಾಕುವವರು, ನೂಲಿಗೆ ಬಣ್ಣ ಅದ್ದುವವರು ಕಡುಬಣ್ಣವನ್ನು ತಿಳಿಬಣ್ಣಕ್ಕೆ ಇಳಿಸುವಾಗ ತಮ್ಮತಮ್ಮಲ್ಲಿ ಏನನ್ನುತ್ತಾರೆ? ಅವರ ಜೊತೆ ಕೂತವರು, ಅವರ ಮನೆಯಲ್ಲಿ ಹುಟ್ಟಿದವರು ಯಾರಾದರೂ ಇದ್ದರೆ ಆ ಮಾತನ್ನು ಅವರು ಆಡುವ ಹಾಗೆಯೇ ಬರೆದು ತಿಳಿಸಿ. ಅದು ಸಿಕ್ಕರೆ ‘ಜಾರು’ವನ್ನು ನಾನು ಸಂತೋಷದಿಂದ ಬಿಡುತ್ತೇನೆ.