ಪದಚರ್ಚೆ: 'ವಲ್ನರಬಲ್ ಅಡಲ್ಟ್', 'ಅಬ್ಯೂಸ್', 'ನೆಗ್ಲೆಕ್ಟ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಕೈಪಿಡಿಯ ಅನುವಾದ ಒಪ್ಪಿಕೊಂಡು ಮೂರು ವಾರದಿಂದ ಮೊದಲ ಪುಟದಲ್ಲೇ ಕೂತಿದ್ದೇನೆ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಬುದ್ಧಿ ಬೆಳವಣಿಗೆ ನಿಧಾನವಾಗಿರುವ ದೊಡ್ಡವರು, ಇವರನ್ನೆಲ್ಲ ನೋಡಿಕೊಳ್ಳುವ ಕೆಲಸದವರಿಗಾಗಿ ಬರೆದ ಪುಸ್ತಕ. ಅವರಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಅವರ ದುಡ್ಡು ಹೊಡೆಯುತ್ತಿದ್ದರೆ ಗುರುತಿಸುವುದು ಹೇಗೆ ಅನ್ನುವುದು ವಿಷಯ. ಜೊತೆಗೆ ಒಂದು ಪ್ರಶ್ನಾವಳಿಯೂ ಇದೆ. ವಿಷಯ ಅರ್ಥವಾಗುತ್ತೆ, ಪದಗಳೇ ಕೈಗೆ ಸಿಗುತ್ತಿಲ್ಲ.

ಮೊದಲು 'ವಲ್ನರಬಲ್ ಅಡಲ್ಟ್'. ಮೇಲೆ ಹೇಳಿದವರನ್ನೆಲ್ಲ ಒಟ್ಟಾಗಿ ಕರೆಯುವ ಪದ. ಹಿಂದಿನ ಅನುವಾದದಲ್ಲಿ 'ದುರ್ಬಲ ವಯಸ್ಕರು' ಅಂತಿತ್ತು. ಓದಿದರೆ ಟಾನಿಕ್ ಬೇಕಾದವರು ಅನಿಸುತ್ತೆ. ಆ ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದು 'ಗಾಯ'. ಪೆಟ್ಟು ಬೀಳುವ ಜಾಗದಲ್ಲಿ ಇರುವವರು ಅಂತ ತಿಳಿಯಬಹುದು. ನಾನು 'ಕೈಲಾಗದವರು' ಅಂತ ಬರೆದೆ, ಮಾರನೇ ದಿನ ನಾನೇ ಹೊಡೆದು ಹಾಕಿದೆ. 'ಪಾಪ, ಅವರಿಗೆ ಕೈಲಾಗಲ್ಲ' ಅಂದರೆ ಕನಿಕರ. 'ಕೈಲಾಗದವನು' ಅಂದರೆ ಬೈಗುಳ. 'ಪರಾವಲಂಬಿ' ಇನ್ನೂ ಕೆಟ್ಟದ್ದು, ಜೀವಶಾಸ್ತ್ರದಲ್ಲಿ ಹೊಟ್ಟೆಹುಳುವಿನ ಸಾಲಿಗೆ ಸೇರುತ್ತೆ. 'ಅಸಹಾಯಕರು' ಕೇಳಲು ಚೆನ್ನಾಗಿದೆ. ಆದರೆ ಇವರಿಗೆ ಸಹಾಯಕರು ಇದ್ದಾರೆ. ಎಷ್ಟೋ ಸಲ ತೊಂದರೆ ಬರುವುದೇ ಆ ಸಹಾಯಕರಿಂದ!

ಇಂಗ್ಲಿಷಿನವರೂ ಈ ಪದದಿಂದ ಹಿಂದೆ ಸರಿದಿದ್ದಾರೆ. ಇಂಗ್ಲೆಂಡಿನಲ್ಲಿ 2000ದ ಸರ್ಕಾರಿ ಮಾರ್ಗಸೂಚಿಯಲ್ಲಿ 'ವಲ್ನರಬಲ್ ಅಡಲ್ಟ್' ಇತ್ತು. 2014ರ ಕೇರ್ ಆ್ಯಕ್ಟ್ ಬರುವ ಹೊತ್ತಿಗೆ 'ಅಪಾಯದಲ್ಲಿರುವ ವಯಸ್ಕರು' ಅನ್ನುವ ಮಾತು ಬಂತು. ಮೊದಲಿನ ಪದ ಕೊರತೆಯನ್ನು ಆ ವ್ಯಕ್ತಿಯ ಮೈಗೇ ಅಂಟಿಸುತ್ತೆ, ತಪ್ಪು ಮಾಡಿದವನು ಕಾಣುವುದೇ ಇಲ್ಲ ಅನ್ನುವುದು ತಕರಾರು. ಆ ಕಾನೂನಿನ 42ನೇ ಸೆಕ್ಷನ್ ಮೂರು ವಿಷಯ ನೋಡುತ್ತೆ: ಆರೈಕೆ ಬೇಕಾಗಿದೆಯೇ, ಹಿಂಸೆ ಅಥವಾ ಕಡೆಗಣನೆ ನಡೆಯುತ್ತಿದೆಯೇ ಇಲ್ಲವೇ ನಡೆಯುವ ಅಪಾಯ ಇದೆಯೇ, ಆರೈಕೆ ಬೇಕಾಗಿರುವ ಕಾರಣಕ್ಕೇ ತಮ್ಮನ್ನು ತಾವು ಕಾಪಾಡಿಕೊಳ್ಳಲು ಆಗುತ್ತಿಲ್ಲವೇ. ಸದ್ಯಕ್ಕೆ ನಾನು 'ಆಸರೆ ಬೇಕಿರುವ ವಯಸ್ಕರು' ಅಂತ ಇಟ್ಟುಕೊಂಡಿದ್ದೇನೆ. 'ವಯಸ್ಕರು' ಅನ್ನುವುದನ್ನು ಮಾತ್ರ ಬಿಡಲು ಮನಸ್ಸಿಲ್ಲ. ಯಾಕೆಂದರೆ ನಾವು ಬಹುಬೇಗ ಇವರನ್ನು 'ಮಗು' ಮಾಡಿಬಿಡುತ್ತೇವೆ. ನಲವತ್ತು ದಾಟಿದವರಿಗೂ 'ಏಳು, ಬಾ, ಉಣ್ಣು' ಅನ್ನುತ್ತೇವೆ. ಇಂಗ್ಲಿಷ್ ಕೈಪಿಡಿಯ ಲಕ್ಷಣಗಳ ಪಟ್ಟಿಯಲ್ಲಿ ಏಕವಚನ ಇಲ್ಲ, ಇರಲು ಸಾಧ್ಯವೂ ಇಲ್ಲ. ಕನ್ನಡದಲ್ಲಿ ಅದನ್ನು ಮೊದಲನೆಯದಾಗಿ ಸೇರಿಸಬೇಕು ಅಂತ ನನ್ನ ಆಸೆ.

ಇನ್ನು 'ಅಬ್ಯೂಸ್'. ಯಂತ್ರಾನುವಾದಕ್ಕೆ ಕೊಟ್ಟರೆ 'ನಿಂದನೆ' ಅನ್ನುತ್ತೆ. ಹಾಗಾಗಿ 'ದೈಹಿಕ ನಿಂದನೆ', 'ಆರ್ಥಿಕ ನಿಂದನೆ' ಅನ್ನುವ ವಿಚಿತ್ರ ಪ್ರಾಣಿಗಳು ಓಡಾಡುತ್ತಿವೆ. ತೋಳು ಹಿಡಿದು ತಿರುಚುವುದು ನಿಂದನೆ ಹೇಗಾಗುತ್ತೆ? ಪಿಂಚಣಿ ಹಣ ಜೇಬಿಗಿಳಿಸುವವನಂತೂ ಬಾಯೇ ಬಿಡುವುದಿಲ್ಲ. 'ದುರುಪಯೋಗ' ವಸ್ತುವಿಗೆ, ಅಧಿಕಾರಕ್ಕೆ ಸರಿ. ಮನುಷ್ಯರಿಗೆ ಹಚ್ಚಿದರೆ ಸದುಪಯೋಗವೂ ಉಂಟೇನೋ ಅನಿಸುತ್ತೆ. 'ಹಿಂಸೆ' ಅನ್ನೋಣ ಅಂದರೆ, ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 16ನೇ ವಿಧಿ ಇದೆಯಲ್ಲ, ಅಲ್ಲಿ 'ಎಕ್ಸ್‌ಪ್ಲಾಯಿಟೇಷನ್, ವಯಲೆನ್ಸ್, ಅಬ್ಯೂಸ್' ಮೂರೂ ಒಟ್ಟಿಗೇ ಬರುತ್ತವೆ. ಶೋಷಣೆ, ಹಿಂಸೆ ಆಯಿತು, ಮೂರನೆಯದಕ್ಕೆ ಏನು ಉಳಿಯಿತು? 'ದೌರ್ಜನ್ಯ'.

ಅದು ಪುಸ್ತಕಕ್ಕೆ ಒಗ್ಗುತ್ತೆ, ಪ್ರಶ್ನಾವಳಿಗೆ ಒಗ್ಗಲ್ಲ. ದುರ್ಜನರು ಮಾಡುವುದು ದೌರ್ಜನ್ಯ. 'ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ?' ಅಂತ ಕೇಳಿದರೆ, ಹೌದು ಅನ್ನಲು ಮೊದಲು ಮಗನನ್ನೋ ಸೊಸೆಯನ್ನೋ ದುರ್ಜನ ಅಂತ ಒಪ್ಪಬೇಕು. ಯಾರು ಒಪ್ಪುತ್ತಾರೆ?

ಪರೀಕ್ಷೆಗೆಂದು ಕರಡನ್ನು ಒಬ್ಬ ಅಜ್ಜಿಯ ಮುಂದೆ ಓದಿದ್ದೆ. ಸೊಂಟ ಮುರಿದು ಹಾಸಿಗೆ ಹಿಡಿದವರು. 'ದೌರ್ಜನ್ಯ' ಅಂದಾಗ 'ಛೇ ಛೇ, ಇಲ್ಲಪ್ಪ' ಅಂದರು. 'ನೆಗ್ಲೆಕ್ಟ್'ಗೆ ಹಾಕಿದ್ದ 'ನಿರ್ಲಕ್ಷ್ಯ' ಅಂದಾಗಲೂ ಇಲ್ಲ. ಪ್ರಶ್ನಾವಳಿ ಮುಚ್ಚಿಟ್ಟು ಸುಮ್ನೆ ಮಾತಾಡುತ್ತಾ ಕೂತೆ. ಹಾಸಿಗೆಯಿಂದ ನಾಲ್ಕಡಿ ದೂರದ ಮೇಜಿನ ಮೇಲೆ ನೀರು ತುಂಬಿದ ಲೋಟ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. 'ನೀರು ಬೇಕಾ ಅಜ್ಜಿ?' ಅಂದೆ. 'ಬೆಳಿಗ್ಗೆನೇ ಇಟ್ಟು ಹೋಗಿದ್ದಾರೆ. ಎಟಕಲ್ಲ. ನೀರು ಕೊಡಲ್ಲ ಅಂದ್ರೆ ಸುಳ್ಳಾಗುತ್ತೆ, ಅಲ್ವಾ?' ಅಂದರು. ಆಗ ಸಂಜೆ ನಾಲ್ಕು ಗಂಟೆ.

ಆ ಲೋಟಕ್ಕೆ 'ನಿರ್ಲಕ್ಷ್ಯ' ಸಾಲುವುದಿಲ್ಲ. ಪತ್ರಿಕೆಯವರು 'ಚಾಲಕನ ನಿರ್ಲಕ್ಷ್ಯ' ಅಂತ ಬರೆದೂ ಬರೆದೂ ಆ ಪದಕ್ಕೆ ಅಜಾಗರೂಕತೆಯ ಅರ್ಥ ಹತ್ತಿಬಿಟ್ಟಿದೆ. ಇಲ್ಲಿರುವುದು ಮಾಡಬೇಕಾದವರು ಮಾಡದೇ ಇರುವುದು, ದಿನಾ. 2002ರ ಟೊರಾಂಟೊ ಘೋಷಣೆ ಹಿರಿಯರ ಮೇಲಿನ ಅಬ್ಯೂಸ್ ಏನೆಂದು ಹೇಳುವಾಗ 'ಮಾಡಿದ ಕೆಲಸ' ಮತ್ತು 'ಮಾಡದೆ ಬಿಟ್ಟ ಕೆಲಸ' ಎರಡನ್ನೂ ಸೇರಿಸುತ್ತೆ, ನಂಬಿಕೆ ಇಟ್ಟುಕೊಂಡ ಸಂಬಂಧದೊಳಗೇ ನಡೆಯುವಂಥದ್ದು ಅನ್ನುತ್ತೆ. ಬೇಲಿಯೇ ಹೊಲ ಮೇಯುವುದು ಅಂತ ನಮ್ಮವರು ಯಾವಾಗಲೋ ಹೇಳಿದ್ದಾರೆ. ನನ್ನ ಓಟು 'ಕಡೆಗಣಿಸುವುದು' ಪದಕ್ಕೆ. ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳದ ಭಾವ ಅದರಲ್ಲಿದೆ.

ಇನ್ನೊಂದು ಪದ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ: 'ಹಂಗಿಸು'. 'ಎಷ್ಟು ವರ್ಷದಿಂದ ನಿನ್ನ ಹೇಲು ಉಚ್ಚೆ ಬಾಚ್ತಿದ್ದೀನಿ' ಅಂತ ದಿನಕ್ಕೆರಡು ಸಲ ನೆನಪಿಸುವುದು. ಬೈಗುಳ ಅನ್ನುವ ಹಾಗಿಲ್ಲ, ಹೇಳಿದ್ದೆಲ್ಲ ನಿಜವೇ. ಹಂಗಿನಲ್ಲಿ ಇರುವವರನ್ನು ಮಾತ್ರ ಹಂಗಿಸಲು ಆಗುತ್ತೆ. 'ಮಾನಸಿಕ ದೌರ್ಜನ್ಯ'ಕ್ಕಿಂತ ಇದು ಹತ್ತು ಪಾಲು ಸ್ಪಷ್ಟ ಅಂತ ನನಗನಿಸುತ್ತೆ. ಇಂಗ್ಲಿಷಿಗೆ ವಾಪಸ್ ಅನುವಾದಿಸಿ ಅಂದರೆ ಮಾತ್ರ ಕಷ್ಟ. ಮೂದಲಿಸು, ಗೋಳು ಹೊಯ್ದುಕೊಳ್ಳು ಕೂಡ ಇದರ ನೆಂಟರೇ.

ಹಣದ ವಿಷಯಕ್ಕೆ 'ಆರ್ಥಿಕ ಶೋಷಣೆ' ಇರಲಿ. ಶೋಷಣೆಯ ಮೂಲದಲ್ಲಿ ಒಣಗಿಸುವ, ಹೀರುವ ಅರ್ಥ ಇದೆ, ಸರಿಯಾಗಿಯೇ ಕೂರುತ್ತೆ. ಆದರೆ ಜನ ಹೇಳುವುದು 'ಬರೆಸಿಕೊಂಡರು' ಅಂತ. ಆ ಒಂದೇ ಕ್ರಿಯಾಪದದಲ್ಲಿ ಕೈ ಒಬ್ಬರದು, ಲಾಭ ಇನ್ನೊಬ್ಬರದು ಅನ್ನುವುದು ಬಂದುಬಿಡುತ್ತೆ. 'ಸಹಿ ಹಾಕಿಸಿಕೊಂಡರು', 'ಹೆಬ್ಬೆಟ್ಟು ಒತ್ತಿಸಿಕೊಂಡರು' ಕೂಡ ಹಾಗೆಯೇ.

'ಸೇಫ್‌ಗಾರ್ಡಿಂಗ್'ಗೆ 'ರಕ್ಷಣೆ' ಸಾಕು. 'ಕಾವಲು' ಬೇಡ, ಬಾಗಿಲಿಗೆ ಬೀಗ ಕಂಡಂತಾಗುತ್ತೆ.

ಹಾಗಾಗಿ ಪುಸ್ತಕದಲ್ಲಿ ನಾಮಪದ, ಪ್ರಶ್ನಾವಳಿಯಲ್ಲಿ ಬರೀ ಕ್ರಿಯಾಪದ ಅಂತ ಮಾಡಿಕೊಂಡಿದ್ದೇನೆ: 'ಯಾರಾದರೂ ಹಂಗಿಸುತ್ತಾರಾ?', 'ನೀರು ನಿಮ್ಮ ಕೈಗೆ ಎಟಕುವ ಹಾಗೆ ಇಡುತ್ತಾರಾ?', 'ಓದಿ ಹೇಳದೆ ಸಹಿ ಹಾಕಿಸಿಕೊಂಡಿದ್ದಾರಾ?' ಸಂಪಾದಕರಿಗೆ ಇದು ಒಪ್ಪಿಗೆ ಇಲ್ಲ, ಎರಡು ಕಡೆ ಒಂದೇ ಪದ ಇರಬೇಕು ಅನ್ನುತ್ತಾರೆ.

ನಿಮ್ಮನ್ನು ಕೇಳುವುದು ಇಷ್ಟು. 'ಆಸರೆ ಬೇಕಿರುವ ವಯಸ್ಕರು' ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತೆ? 'ಹಂಗಿಸು' ನಿಮ್ಮ ಕಡೆ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ, ಅಥವಾ ಬೇರೆ ಪದ ಇದೆಯೇ? ಇನ್ನೊಂದು ಬಾಕಿ ಇದೆ: 'ಸೆಲ್ಫ್ ನೆಗ್ಲೆಕ್ಟ್'. ಸ್ನಾನ ಬಿಟ್ಟು, ಊಟ ಬಿಟ್ಟು, ಮಾತ್ರೆ ಬಿಟ್ಟು ಕೂತುಬಿಡುವವರು. 'ಸ್ವ-ನಿರ್ಲಕ್ಷ್ಯ' ಅಂತ ಬರೆಯಲು ಕೈ ಬರುತ್ತಿಲ್ಲ. 'ಮೈಮೇಲೆ ನಿಗಾ ಇಲ್ಲ' ಅಂತ ನಮ್ಮ ಮನೆಯಲ್ಲಿ ಅನ್ನುತ್ತಿದ್ದರು, ಅದನ್ನು ಅಧ್ಯಾಯದ ತಲೆಬರಹಕ್ಕೆ ಹೇಗೆ ತರುವುದು?