ಗೋಕರ್ಣದಲ್ಲಿ ಕಡಿಮೆ ದುಡ್ಡಿನ ಹಾಸ್ಟೆಲ್: ಮೂವರು ಹುಡುಗಿಯರಿಗೆ ಡಾರ್ಮ್ ಆಗುತ್ತಾ?

ಸಪ್ತಾಪುರ_ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ನಾವು ಮೂವರು ಗೆಳತಿಯರು ಎರಡು ರಾತ್ರಿ ಗೋಕರ್ಣಕ್ಕೆ ಹೋಗಬೇಕು ಅಂತಿದ್ದೇವೆ. ಒಂದು ಕಡೆ ಕಾಡು, ಒಂದು ಕಡೆ ಸಮುದ್ರ ಇರುವ ಹಾಸ್ಟೆಲ್‌ಗಳು ಕುಡ್ಲೆ ಬೀಚಿನ ಹತ್ತಿರ ತುಂಬಾ ಕಾಣಿಸ್ತಾ ಇವೆ, ಬಾಡಿಗೆಯೂ ಕಡಿಮೆ. ಡಾರ್ಮ್‌ನಲ್ಲಿ, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯಲ್ಲಿ, ಒಂದೊಂದು ಹಾಸಿಗೆಯನ್ನು ಬಾಡಿಗೆಗೆ ಕೊಡ್ತಾರೆ.

ಮನೆಯಲ್ಲಿ ಹೇಳಿದರೆ ಅವ್ವನಿಗೆ ಅರ್ಥವೇ ಆಗಲಿಲ್ಲ. ಹಾಸ್ಟೆಲ್ ಅಂದರೆ ಅವಳ ಪಾಲಿಗೆ ಓದುವ ಹುಡುಗರು ಇರುವ ಜಾಗ. ಗುರುತಿಲ್ಲದವರ ಜೊತೆ ಒಂದೇ ಕೋಣೆಯಲ್ಲಿ ಮಲಗೋದಾ ಅಂತ ಕೇಳಿದಳು, ಆಮೇಲೆ ನನಗೂ ಅದೇ ಅಳುಕು ಶುರುವಾಗಿದೆ. ಹೋಗಿ ಬಂದವರು ಹೇಳಿ. ಮೇ ಕೊನೆ ವಾರ ಅಥವಾ ಜೂನ್ ಎರಡನೇ ವಾರ, ಎರಡರಲ್ಲಿ ಯಾವುದು ವಾಸಿ? ತಲೆಗೆ ಮೂರು ಸಾವಿರ ಸಾಕಾಗುತ್ತಾ?

ಉಣಕಲ್_ಅಕ್ಕ

ತಂಗಿ, ನಾನು ಎರಡು ಸಲ ಹೋಗಿದ್ದೇನೆ, ಒಮ್ಮೆ ಒಬ್ಬಳೇ. ಡಾರ್ಮ್ ಬಗ್ಗೆ ಹೆದರಬೇಡ. ಹೆಂಗಸರಿಗೆ ಅಂತಲೇ ಬೇರೆ ಡಾರ್ಮ್ ಇರುತ್ತದೆ, ಬುಕ್ ಮಾಡುವಾಗ ಅದನ್ನೇ ನೋಡಿ ಆರಿಸು, ಇಲ್ಲದಿದ್ದರೆ ಗಂಡಸರು ಹೆಂಗಸರು ಎಲ್ಲರೂ ಇರುವ ಕೋಣೆಯಲ್ಲಿ ಹಾಸಿಗೆ ಸಿಗುತ್ತದೆ. ಕೋಣೆಯಲ್ಲಿ ಲಾಕರ್ ಇರುತ್ತದೆ, ಆದರೆ ಎಷ್ಟೋ ಕಡೆ ಬೀಗ ನಾವೇ ತರಬೇಕು. ಒಂದು ಸಣ್ಣ ಬೀಗ, ಒಂದು ಚಾದರ ಇಟ್ಟುಕೋ.

ನನಗೆ ತೊಂದರೆ ಆಗಿದ್ದು ಕೋಣೆಯಲ್ಲಿ ಅಲ್ಲ, ದಾರಿಯಲ್ಲಿ. ಮೊದಲ ಸಲ ಬರೀ ಬಾಡಿಗೆ ನೋಡಿ ಬುಕ್ ಮಾಡಿದ್ದೆ, ಒಂದು ರಾತ್ರಿಗೆ 500 ರೂಪಾಯಿ. ಊರಿಗೂ ಕುಡ್ಲೆಗೂ ನಡುವೆ ಗುಡ್ಡ ಇದೆ, ಆ ಹಾಸ್ಟೆಲ್ ಗುಡ್ಡದ ಮೇಲೆ. ಆಟೋದವರು ಒಂದು ಕಡೆ ಇಳಿಸಿ, ಇಲ್ಲಿಂದ ನಡ್ಕೊಂಡು ಹೋಗ್ರಿ ಅಂದರು. ಕತ್ತಲಾಗಿತ್ತು, ಚಿರೆಕಲ್ಲಿನ ದಾರಿ, ಎರಡೂ ಕಡೆ ಗಿಡಗಂಟಿ, ಒಂದು ದೀಪ ಇಲ್ಲ, ಮೊಬೈಲಿನಲ್ಲಿ ಚಾರ್ಜ್ ಮುಗೀತಾ ಬಂದಿತ್ತು, ಬೆನ್ನ ಮೇಲೆ ಬ್ಯಾಗು. ಇಪ್ಪತ್ತು ನಿಮಿಷ ನಡೆದಿದ್ದು ಎರಡು ತಾಸಿನಂತೆ ಅನಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಅದೇ ದಾರಿ ಎಷ್ಟು ಚೆಂದ ಇತ್ತು ಅಂದರೆ, ಮರಗಳ ಸಂದಿಯಲ್ಲಿ ಸಮುದ್ರ ಕಾಣ್ತಿತ್ತು.

ಅದಕ್ಕೇ ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳು: ಆಟೋ ಬಾಗಿಲ ತನಕ ಬರುತ್ತಾ? ರಾತ್ರಿ ಯಾರಾದರೂ ಇರ್ತಾರಾ? ಹೆಂಗಸರು ಇತ್ತೀಚೆಗೆ ಬರೆದ ರಿವ್ಯೂ ಓದು. ಸಂಜೆ ಐದರೊಳಗೆ ಮುಟ್ಟುವ ಹಾಗೆ ಹೊರಡಿ. ಗುರುತಿಗೆ ಮೂವರೂ ಆಧಾರ್ ಒಯ್ಯಿರಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರಲ್ಲ, ಅದು ನಡೆಯಲ್ಲ.

ಹಾವೇರಿ_ಏಲಕ್ಕಿ

ಆಧಾರ್ ಬಸ್ಸಿಗೂ ಬೇಕಲ್ವಾ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್‌ಗೆ ಅದು ನಡೆಯಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಗೋಕರ್ಣಕ್ಕೆ ನೇರ ಬಸ್ ಸಿಗದಿದ್ದರೆ ಅಲ್ಲಿ ಬದಲಿಸಿ. ನೇರ ರೈಲಿಗೆ ಕಾಯಬೇಡಿ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಬಸ್ ಖರ್ಚು ಉಳಿದರೆ ಮೂರು ಸಾವಿರ ಆರಾಮ ಸಾಕು. ಸಾಲು ರಜೆ ಬಂದರೆ ಮಾತ್ರ ಬಾಡಿಗೆ ಏರುತ್ತದೆ.

ಜೂನ್ ಬೇಡವೇ ಬೇಡ. ಆಗ ಮಳೆ ಹಿಡಿದಿರುತ್ತದೆ, ಸಮುದ್ರಕ್ಕೆ ಇಳಿಯಲು ಬಿಡಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರಲ್ಲ, ಅದು ನೀವು ಅಂಕೋಲಾದಿಂದ ಹೋಗುವ ಹೆದ್ದಾರಿಯಲ್ಲೇ. ಮೇನಲ್ಲಿ ಹೋದರೆ ಅಂಕೋಲಾದಲ್ಲಿ ಇಶಾಡ ಮಾವಿನಹಣ್ಣು ಸಿಗುತ್ತದೆ, ಬಿಡಬೇಡಿ.

ಗದಗ_ಬಾವಿಯೀಜು

ನಾನು ನೀರಿನ ವಿಷಯ ಹೇಳಲೇಬೇಕು. ನಮ್ಮ ಕಡೆಯವರು ಈಜು ಕಲಿಯೋದು ಬಾವಿಯಲ್ಲಿ, ಕೆರೆಯಲ್ಲಿ. ಆ ನೀರು ನಿಂತ ನೀರು. ನನ್ನ ಚಿಕ್ಕಪ್ಪನ ಮಗ ಹತ್ತು ವರ್ಷದವನಿದ್ದಾಗಿಂದ ತೋಟದ ಬಾವಿಗೆ ಜಿಗಿಯುತ್ತಿದ್ದವನು. ಓಂ ಬೀಚಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದ, ಕಾಲ ಕೆಳಗಿನ ಮರಳು ಸರಿಯಿತು, ನೋಡನೋಡ್ತಾ ಒಳಗೆ ಹೋಗಿಬಿಟ್ಟ. ಅವನು ದಡದ ಕಡೆಗೇ ಈಜ್ತಾ ಇದ್ದ, ಈಜಿದಷ್ಟೂ ದೂರ. ಲೈಫ್‌ಗಾರ್ಡ್ ಬಂದು ಎಳೆದು ತಂದರು. ಆ ಹತ್ತು ನಿಮಿಷ ನಾನು ಇವತ್ತಿಗೂ ಮರೆತಿಲ್ಲ.

ಆಮೇಲೆ ಅವರೇ ತಿಳಿಸಿ ಹೇಳಿದರು. ಅಲೆ ದಡಕ್ಕೆ ತಂದ ನೀರು ಒಂದು ಸಂದು ಹಿಡಿದು ವಾಪಸ್ ಹೋಗುತ್ತದಂತೆ. ಅಕ್ಕಪಕ್ಕ ಬಿಳಿ ನೊರೆ ಒಡೀತಾ ನಡುವೆ ಮಾತ್ರ ಶಾಂತವಾಗಿ ಕಂಡರೆ ಸೆಳೆತ ಇರೋದು ಅಲ್ಲೇ, ಹೊಸಬರು ಇಳಿಯೋದೂ ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ. ದಡದ ಉದ್ದಕ್ಕೆ ಅಡ್ಡ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ. ಈಜು ಬರದಿದ್ದರೆ ಮೊಣಕಾಲು ಮೀರಬೇಡಿ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಕಡೆ ಬಂಡೆ ಜಾಸ್ತಿ, ಅಲ್ಲಿ ಸುಮ್ನೆ ಕೂತು ನೋಡಿ ಬನ್ನಿ.

ಉಣಕಲ್_ಅಕ್ಕ

ಇದನ್ನು ಓದಿ ಮೈ ಜುಮ್ ಅಂತು ಅಣ್ಣಾ, ಹೇಳಿದ್ದು ಒಳ್ಳೇದಾಯ್ತು. ಕಾಡಿನದೂ ಒಂದು ಮಾತು. ಯಾಣದ ಕಡೆ ಹೋಗೋದಾದರೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಬಂದ ಮೇಲೆ ಮೈಮೇಲೆ ಉಣ್ಣೆ (ರಕ್ತ ಹೀರುವ ಸಣ್ಣ ಹುಳ) ಹತ್ತಿದೆಯಾ ನೋಡಿ, ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗನ ಕಾಯಿಲೆ ಹರಡೋದು ಉಣ್ಣೆಯಿಂದ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ವಾರ ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಸಪ್ತಾಪುರ_ಓದುಗಿ

ಎಲ್ಲರಿಗೂ ಥ್ಯಾಂಕ್ಸ್. ಮೇ ಕೊನೆ ವಾರ ಅಂತ ಗಟ್ಟಿ ಮಾಡಿದೆವು. ಅಕ್ಕ ಹೇಳಿದ ಹಾಗೆ ಎರಡು ಕಡೆ ಫೋನ್ ಮಾಡಿದೆ. ಒಂದು ಕಡೆ ಆಟೋ ಬರಲ್ಲ ಅಂದರು, ಇನ್ನೊಂದು ಕಡೆ ಬಾಗಿಲ ತನಕ ಬರುತ್ತದೆ, ಬಾಡಿಗೆ ಮಾತ್ರ 150 ಜಾಸ್ತಿ. ಅದನ್ನೇ ಹಿಡಿದೆವು. ಅಲ್ಲಿ ಕೆಲಸ ಮಾಡುವ ಅಕ್ಕನ ಜೊತೆ ಅವ್ವನೇ ಫೋನಿನಲ್ಲಿ ಮಾತಾಡಿದಳು. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಕಟ್ಟಲಿ ಅಂತ ಕೇಳ್ತಾ ಇದ್ದಾಳೆ.