‘ಉತ್ಕ್ಷೇಪ’ದ ಬದಲು ‘ಎಸೆತ’ ಅನ್ನಬಹುದೇ?

ಗೆಳೆಯರೇ, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದ ಮಕ್ಕಳಿಗೆ ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರೊಜೆಕ್ಟೈಲ್ (ಎಸೆದ ಕಲ್ಲಿನಂತೆ, ಒಮ್ಮೆ ವೇಗ ಪಡೆದು ಆಮೇಲೆ ಭೂಮಿಯ ಸೆಳೆತವೊಂದರಲ್ಲೇ ಸಾಗುವ ವಸ್ತು) ಪಾಠ ಬಂದಾಗಲೆಲ್ಲ ಅದೇ ತೊಡಕು. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಉತ್ಕ್ಷೇಪ, ಉತ್ಕ್ಷಿಪ್ತ ಎಂದೆಲ್ಲ ಬರೆದದ್ದನ್ನು ನೋಡಿದ್ದೇನೆ. ‘ಉತ್’ ಅಂದರೆ ಮೇಲಕ್ಕೆ. ಆದರೆ ಮೇಜಿನ ಅಂಚಿನಿಂದ ಉರುಳಿ ಬಿದ್ದ ಗೋಲಿ ಮೇಲಕ್ಕೆ ಹೋಗುವುದೇ ಇಲ್ಲ. ಅದೂ ಪ್ರೊಜೆಕ್ಟೈಲೇ ಅಲ್ವಾ? ಕ್ಷಿಪಣಿ ಅನ್ನೋಣ ಅಂದರೆ ಆ ಪದ ಮಿಸೈಲ್‌ಗೆ ಹೋಗಿಬಿಟ್ಟಿದೆ. ಮಿಸೈಲ್‌ನ ಎಂಜಿನ್ ಉರಿಯುವಷ್ಟು ಹೊತ್ತೂ ಅದನ್ನು ತಳ್ಳುತ್ತಲೇ ಇರುತ್ತದೆ. ನಮ್ಮ ಪಾಠದ ಕಲ್ಲಿಗೆ ಕೈ ಬಿಟ್ಟ ಮೇಲೆ ಭೂಮಿಯ ಸೆಳೆತ ಒಂದೇ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾನು ‘ಎಸೆತ’ ಅನ್ನುತ್ತೇನೆ. ಮನೆ ಕಟ್ಟುವ ಕಡೆ ನೋಡಿರುತ್ತೀರಿ. ಕೆಳಗಿನವರು ಇಟ್ಟಿಗೆ ಎಸೆಯುತ್ತಾರೆ, ಸಾರುವೆ ಮೇಲೆ ನಿಂತವರು ಹಿಡಿಯುತ್ತಾರೆ. ಪಳಗಿದ ಕೈ ಎಸೆದರೆ, ಇಟ್ಟಿಗೆ ಏರುವುದು ನಿಂತು ಇಳಿಯುವುದು ಇನ್ನೂ ಶುರುವಾಗದ ಹೊತ್ತಿಗೆ ಸರಿಯಾಗಿ ಮೇಲಿನವರ ಕೈಯಲ್ಲಿ ಇರುತ್ತದೆ. ಪೆಟ್ಟೇ ಇಲ್ಲದೆ ಬಂದು ಕೂತ ಹಾಗೆ. ಆಗಲೂ ಅಡ್ಡಕ್ಕೆ ಸಾಗುವ ವೇಗ ಇದ್ದೇ ಇರುತ್ತದೆ, ಅದಕ್ಕೇ ಇಟ್ಟಿಗೆ ಎಸೆದವರ ನೆತ್ತಿಯ ಮೇಲೆ ಬೀಳದೆ ಆಚೆ ಹೋಗುತ್ತದೆ. ‘ತುದಿಯಲ್ಲಿ ವೇಗ ಸೊನ್ನೆ’ ಎಂದು ಬರೆಯುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ.

ಆದರೆ ‘ಎಸೆತ’ ಅಂದರೆ ಎಸೆಯುವ ಕೆಲಸವೋ, ಎಸೆದ ವಸ್ತುವೋ? ಕ್ರಿಕೆಟ್‌ನ ‘ಕೊನೆಯ ಎಸೆತ’ದಲ್ಲಿ ಎರಡೂ ಬೆರೆತಿವೆ. ವಸ್ತುವಿಗೇ ಬೇರೆ ಪದ ಬೇಕು. ‘ಎಸಕ’ ಅನ್ನಲು ಹೋದೆ. ಹಳೆಗನ್ನಡದಲ್ಲಿ ಅದಕ್ಕೆ ಕೆಲಸ ಎಂಬ ಅರ್ಥವಿದೆ, ಕ್ರಿಯಾಪದವನ್ನು ‘ಎಸಕಪದ’ ಅನ್ನುವವರೂ ಇದ್ದಾರೆ. ಕೈಬಿಟ್ಟೆ.

ಇನ್ನು ರೇಂಜ್, ಅಂದರೆ ಎಸೆದ ಕಲ್ಲು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬುದು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಾಗಿ ಎಸೆದ ಕಲ್ಲು ಸುಮಾರು 40 ಮೀಟರ್ ಆಚೆ ಬೀಳುತ್ತದೆ. 30 ಡಿಗ್ರಿಗೆ ಎಸೆದರೂ 60ಕ್ಕೆ ಎಸೆದರೂ ದೂರ ಒಂದೇ, ಸುಮಾರು 35 ಮೀಟರ್. ಇದನ್ನು ‘ವ್ಯಾಪ್ತಿ’ ಅಂದರೆ ಕಲ್ಲು ನೆಲದ ತುಂಬ ಹರಡಿಕೊಂಡಂತೆ ಕೇಳಿಸುತ್ತದೆ. ‘ಬೀಳುದೂರ’ ಹೇಗೆ?

ಹೊಲ ಕಾಯಲು ಕವಣೆ ಬೀಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಕಲ್ಲು ಹೋಗಿ ಬೀಳುವ ದೂರಕ್ಕೆ ಅವರು ಏನನ್ನುತ್ತಿದ್ದರು?